ಕೋದಂಡಪ್ಪ ಎದ್ದು ನಿಂತದ್ದಕ್ಕೆ ಕಾರಣ

ಬಂಗಾರಪೇಟೆಯಿಂದ ಮೂಡಲಿಗೆ, ಗಾಳಿ ಈ ಕಡೆ ಬೀಸಿದಾಗ ಮಾತ್ರ ರೈಲಿನ ಕೂಗು ಕೇಳಿಸುವಷ್ಟು ದೂರದಲ್ಲಿ ಕರಿಗುಟ್ಟಹಳ್ಳಿ. ಆ ಊರಿನ ಕೇರಿಯ ಭಜನೆಮನೆಯಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದು ಬಂದಿತ್ತು. ತತ್ತ್ವಪದ ಹಾಡಿದವನು ಹಾಡಿ ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ತಂಬೂರಿ ಕೆಳಗಿಟ್ಟು, ಕೂತವರೆಲ್ಲರ ಎದುರಿಗೆ ಅದರ ಅರ್ಥ ಹೇಳಬೇಕು. ಅರ್ಥ ಹೇಳದೆ ಹಾಡಿದ ಪದ ದೇವರಿಗೆ ಮುಟ್ಟುವುದಿಲ್ಲ ಎಂದು ಕೇರಿಯವರ ನಂಬಿಕೆ.

ಕೋದಂಡಪ್ಪ ಆ ಭಜನೆಮನೆಯಲ್ಲಿ ಬೆಳೆದವನು. ಮುಂದೆ ಚಿನ್ನದ ಗಣಿ ಸೇರಿ, ಮೈಸೂರು ಮೈನ್ಸಿನ ಶಾಫ್ಟಿನಲ್ಲಿ ಇಳಿದು ಹತ್ತಿ, ಸಂಘ ಕಟ್ಟಿದ; ಕೊನೆಗೆ ಜನ ಓಟು ಹಾಕಿ ಅವನನ್ನು ಬೆಂಗಳೂರಿನ ವಿಧಾನಸಭೆಗೆ ಕಳಿಸಿದರು. ನಾಡನ್ನು ಇನ್ನೂ ಮೈಸೂರು ರಾಜ್ಯವೆಂದೇ ಕರೆಯುತ್ತಿದ್ದ ಕಾಲ ಅದು. ವಿಧಾನಸೌಧದ ಕಲ್ಲಿನ ಮೇಲಿನ ಹೊಸ ಬಿಳುಪು ಇನ್ನೂ ಮಾಸಿರಲಿಲ್ಲ. ಅಲ್ಲಿಗೆ ಹೋದ ಮೇಲೂ ಕೋದಂಡಪ್ಪ ಭಜನೆಮನೆಯ ಪದ್ಧತಿ ಬಿಡಲಿಲ್ಲ. ಅಧಿವೇಶನ ಮುಗಿಸಿಕೊಂಡು ಬಂದಾಗಲೆಲ್ಲ ಎರಡು ಕಡೆ ಕೂತು ಅರ್ಥ ಹೇಳುತ್ತಿದ್ದ. ಮೊದಲು ಉರಿಗಾಂನಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳ ನಡುವಿನ ತಗಡಿನ ಚಪ್ಪರದ ಕೆಳಗೆ. ಆಮೇಲೆ ತನ್ನ ಊರಿನಲ್ಲಿ, ಮುತ್ಯಾಲಮ್ಮನ ಗುಡಿಯ ಮುಂದೆ. ಈ ಮಸೂದೆಗೆ ಒಪ್ಪಿದೆ, ಕಾರಣ ಹೀಗೆ. ಆ ಮಸೂದೆಗೆ ಒಪ್ಪಲಿಲ್ಲ, ಕಾರಣ ಹೀಗೆ. ಜನ ಕೇಳುವರು, ಬೀಡಿ ಹಚ್ಚುವರು, ಅಡ್ಡಪ್ರಶ್ನೆ ಹಾಕುವರು. ಕೋದಂಡಪ್ಪನಿಗೆ ಅದೊಂದು ಪೂಜೆಯ ಹಾಗೆ.

ಊರಿನಲ್ಲಿ ಅವನನ್ನು ಕೂರಿಸುವುದೇ ದೊಡ್ಡ ತೊಡಕಾಗಿತ್ತು. ಗುಡಿಯ ಮುಂದಿನ ಅರಳಿಕಟ್ಟೆಯ ಮೇಲೆ ಕೇರಿಯವರು ಯಾವತ್ತೂ ಕೂತವರಲ್ಲ. ಹಾಗೆಂದು ಸರ್ಕಾರದ ಮೊಹರು ಬಿದ್ದ ಮನುಷ್ಯನನ್ನು ನೆಲದ ಮೇಲೆ ಕೂರಿಸುವಂತೆಯೂ ಇಲ್ಲ. ಪಟೇಲ ಬಚ್ಚಪ್ಪನವರೇ ಯೋಚನೆ ಮಾಡಿ ದಾರಿ ಕಂಡುಹಿಡಿದರು. ಶಾಲೆಯಿಂದ ಒಂದು ಮರದ ಕುರ್ಚಿ ತರಿಸಿ, ಕಟ್ಟೆಯ ಕೆಳಗೆ, ಬೇವಿನ ಮರದ ನೆರಳಿಗೆ ಹಾಕಿಸಿದರು. ಕುರ್ಚಿಯಲ್ಲಿ ಕೂತರೆ ತಲೆ ಕಟ್ಟೆಯ ಮೇಲಿನವರ ಮೊಣಕಾಲಿಗೆ ಬರುತ್ತಿತ್ತು. ಎಲ್ಲರಿಗೂ ಒಪ್ಪಿಗೆಯಾಯಿತು. ಕೋದಂಡಪ್ಪನೂ ಒಪ್ಪಿಕೊಂಡ. ಭಗವಂತ ಎಲ್ಲಿ ಕೂರಿಸಿದರೆ ಅಲ್ಲೇ ಕೂತು ಅರ್ಥ ಹೇಳಿದರಾಯಿತು ಅಂದುಕೊಂಡ.

ಅವನ ಅಣ್ಣ ಮುನಿಶಾಮಿ ಆ ಊರಿನ ತೋಟಿ. ತಂದೆಯಿಂದ ಮಗನಿಗೆ ಬರುವ ಚಾಕರಿ ಅದು. ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಊರೂರು ಓಡುವುದು, ಅಧಿಕಾರಿಗಳು ಬಂದರೆ ಅವರ ಸಾಮಾನು ಹೊರುವುದು, ತಮಟೆ ಬಾರಿಸಿ ಡಂಗುರ ಸಾರುವುದು. ಇದಕ್ಕೆ ಪ್ರತಿಯಾಗಿ ಹಿಂದೆ ಯಾವಾಗಲೋ ಯಾರೋ ಬಿಟ್ಟುಕೊಟ್ಟ ಒಂದು ತುಂಡು ಗದ್ದೆ ಇತ್ತು, ತೋಟಿ ಇನಾಮು ಅಂತ. ತುಂಡು ಚಿಕ್ಕದಾದರೂ ಅದು ಕೆರೆಯ ತೂಬಿನ ಬಾಯಿಗೇ ಇತ್ತು. ಕೆರೆಯ ಮೊದಲ ನೀರು ಅದಕ್ಕೆ. ಊರಿನ ಗದ್ದೆಗಳೆಲ್ಲ ಬಿರುಕು ಬಿಟ್ಟ ವರ್ಷದಲ್ಲೂ ಅಲ್ಲಿ ಪೈರು ಹಸುರಾಗಿರುತ್ತಿತ್ತು. ಪಟೇಲರು ಏರಿಯ ಮೇಲೆ ಓಡಾಡುವಾಗ ಆ ಹಸುರಿನ ಹತ್ತಿರ ಬಂದು ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು.

ಆ ವರ್ಷ ಊರಚಾಕರಿಗಳನ್ನು ರದ್ದು ಮಾಡುವ ಮಸೂದೆ ಬಂತು. ಪಟೇಲಿಕೆಯಿಂದ ಹಿಡಿದು ತೋಟಿಯವರೆಗೆ ಮನೆತನದ ಚಾಕರಿಯೇ ಇಲ್ಲ. ಕೋದಂಡಪ್ಪನಿಗೆ ಹಬ್ಬವಾದ ಹಾಗಾಯಿತು. ಆದರೆ ಮಸೂದೆಯೊಳಗೆ ಒಂದು ಕಲಮು ಇತ್ತು. ಚಾಕರಿ ಹೋದ ಮೇಲೆ ಚಾಕರಿಯ ಜಮೀನು ಸರ್ಕಾರಕ್ಕೆ ಸೇರತಕ್ಕದ್ದು, ಸರ್ಕಾರ ಅದನ್ನು ಹರಾಜು ಹಾಕತಕ್ಕದ್ದು. ಪಟೇಲರಿಗೆ ಬೇರೆ ಹೊಲಗದ್ದೆ ಬೇಕಾದಷ್ಟಿತ್ತು. ತೋಟಿಗೆ ಇದ್ದದ್ದು ಅದೊಂದೇ.

ಬೆಂಗಳೂರಿಗೆ ಹೊರಡುವ ದಿನ ಕೋದಂಡಪ್ಪ ಅಣ್ಣನ ಮನೆಗೆ ಬಂದ. ಅತ್ತಿಗೆ ನರಸಮ್ಮ ಮುದ್ದೆ ಮುರಿದು ತಟ್ಟೆಗೆ ಹಾಕಿ, ಸೊಪ್ಪಿನ ಸಾರು ಬಿಟ್ಟಳು.

"ಚಾಕ್ರಿ ಓಗ್ಲಿ ಅಣ್ಣ, ಗದ್ದೆ ಓಗಾಕೆ ಬಿಡಾಕಿಲ್ಲ," ಎಂದ. "ಮಸೂದೆಗೆ ಒಪ್ತೀನಿ. ಆ ಕಲಮಿಗೆ ಮಾತ್ರ ಒಪ್ಪಾಕಿಲ್ಲ. ಪಾರ್ಟಿಯವರೂ ನಿಮ್ಮಿಷ್ಟ ಅಂದವ್ರೆ. ಮುತ್ಯಾಲಮ್ಮನಾಣೆ."

"ದೇವ್ರ ಆಣೆ ಯಾಕ್ಲಾ," ಎಂದ ಮುನಿಶಾಮಿ. "ನೀನ್ ಯೋಳಿದ್ ಮ್ಯಾಲೆ ಮುಗೀತು."

ನರಸಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು.

ಈ ನರಸಮ್ಮನ ವಿಷಯ ಇಲ್ಲೇ ಹೇಳಬೇಕು. ಕೋದಂಡಪ್ಪನ ತಾಯಿ ಬೇಗ ತೀರಿಕೊಂಡಿದ್ದಳು. ಹೊಸದಾಗಿ ಮದುವೆಯಾಗಿ ಬಂದ ನರಸಮ್ಮನೇ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವನು ಇನ್ನೂ ಚಡ್ಡಿ ಏರಿಸಿಕೊಳ್ಳಲು ಬಾರದ ವಯಸ್ಸಿನಲ್ಲಿ ಒಂದು ದಿನ ಕೆರೆಯ ಏರಿಯ ಮೇಲೆ ಕೂತು ಸುಟ್ಟ ಕಡಲೆಕಾಯಿ ತಿನ್ನುತ್ತಿದ್ದ. ಬಚ್ಚಪ್ಪನವರ ತಂದೆ, ಆಗಿನ ಪಟೇಲರು, ಆ ದಾರಿಯಲ್ಲಿ ಬಂದರು. ಅವರಿಗೆ ಬರುವ ಮುಂಚೆ ಒಂದು ಸಲ ಕೆಮ್ಮುವ ಅಭ್ಯಾಸ. ಕೆಮ್ಮಿದರು. ಮಗು ಕಡಲೆಕಾಯಿ ಬಿಡಿಸುತ್ತ ಕೂತೇ ಇತ್ತು. ಪಟೇಲರು ಮಗುವಿಗೆ ಏನೂ ಮಾಡಲಿಲ್ಲ. ಚಾವಡಿಗೆ ಹೋಗಿ ಮುನಿಶಾಮಿಯನ್ನು ಕರೆಸಿದರು. ಬಗ್ಗಿಸಿ ನಿಲ್ಲಿಸಿ, ಬೆನ್ನ ಮೇಲೆ ರುಬ್ಬುವ ಕಲ್ಲು ಹೊರಿಸಿ, ಹೊತ್ತು ಇಳಿಯುವವರೆಗೂ ಬಿಸಿಲಲ್ಲಿ ಬಿಟ್ಟರು. ಮುನಿಶಾಮಿಯ ಬೆನ್ನು ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ.

ಮಾರನೆಯ ದಿನ ನರಸಮ್ಮ ಹುಣಿಸೆ ಬರಲು ಮುರಿದುಕೊಂಡು ಬಂದಳು. ಗಂಡನ ವಲ್ಲಿಯನ್ನು ತಲೆಗೆ ರುಮಾಲಿನ ಹಾಗೆ ಸುತ್ತಿಕೊಂಡಳು. ಮಗುವನ್ನು ಅಂಗಳದಲ್ಲಿ ಕೂರಿಸಿ, ಪಟೇಲರ ಹಾಗೆ ಕೆಮ್ಮಿ, ಪಟೇಲರ ಹಾಗೆ ನಡೆದು ಬಂದಳು. ಏಳುವುದು ತಡವಾದರೆ ಕಾಲಿನ ಮೇಲೆ ಒಂದು ಏಟು. ಮತ್ತೆ ಕೂರಿಸುವಳು, ಮತ್ತೆ ಕೆಮ್ಮುವಳು, ಮತ್ತೆ ಏಟು. ಹೊಡೆಯುತ್ತ ಅವಳ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

"ಯಾರು ಅಂತ ನೋಡ್ಬಾರ್ದು. ಯಾಕೆ ಅಂತ ಕೇಳ್ಬಾರ್ದು. ಮನ್ಸು ಏಳೋಕ್ ಮುಂಚೆ ಕಾಲು ಎದ್ದಿರ್ಬೇಕು ಕಣ್ಲಾ, ಕಾಲು ಎದ್ದಿರ್ಬೇಕು!"

ಸಂಜೆಯ ಹೊತ್ತಿಗೆ ಮಗು ಕಲಿತಿತ್ತು. ಅವಳು ಕೆಮ್ಮಿದರೆ ಸಾಕು, ಮಗು ನಿಂತಿರುತ್ತಿತ್ತು. ನಿದ್ದೆಗಣ್ಣಿನಲ್ಲೂ ನಿಲ್ಲುತ್ತಿತ್ತು. ಆಗ ನರಸಮ್ಮ ಬರಲನ್ನು ಎಸೆದು, ಬಾಸುಂಡೆ ಎದ್ದ ಕಾಲಿಗೆ ಹರಳೆಣ್ಣೆ ಹಚ್ಚಿ, ಎದೆಗೆ ಅವಚಿಕೊಂಡು ಮಲಗಿದಳು. ತಾಯಿಯಾದವಳು ಮಗುವಿಗೆ ಮಾಡಬಹುದಾದ ಒಳ್ಳೆಯದನ್ನು ಅವತ್ತು ಅವಳು ಮಾಡಿದ್ದಳು.

ಗಣಿಗೆ ಹೋದ ಮೇಲೆ ಕೋದಂಡಪ್ಪ ಅದನ್ನೆಲ್ಲ ಮರೆತ. ಭೂಮಿಯ ಒಳಗೆ ಎಲ್ಲರೂ ಬಗ್ಗಿಕೊಂಡೇ ಇರುವವರು, ಅಲ್ಲಿ ಯಾರಿಗೆ ಯಾರು ಏಳಬೇಕು? ಮುಷ್ಕರದ ಕಾಲದಲ್ಲಿ ದೊಡ್ಡ ಸಾಹೇಬ ಎದುರಿಗೆ ಬಂದು ನಿಂತರೂ ಕೂತಲ್ಲೇ ಕೂತು ಮಾತಾಡಿದವನು ಅವನು. ಉರಿಗಾಂನ ತಮಿಳು ಗೆಳೆಯರು ಆ ಕತೆಯನ್ನು ಇನ್ನೂ ಹೇಳಿ ನಗುತ್ತಿದ್ದರು. ತನ್ನ ಕಾಲು ತನ್ನ ಮಾತು ಕೇಳುತ್ತದೆ ಎಂದು ಕೋದಂಡಪ್ಪ ನಂಬಿದ್ದ.

ಸಭೆಯಲ್ಲಿ ಅವನು ಆ ಕಲಮಿನ ವಿರುದ್ಧ ಚೆನ್ನಾಗಿಯೇ ಮಾತಾಡಿದ. "ನೊಗ ಇಳಿಸುತ್ತೇವೆ ಎಂದು ಎತ್ತಿನ ಮುಂದಿನ ಹುಲ್ಲನ್ನೂ ಎತ್ತಿಕೊಂಡು ಹೋಗಬೇಡಿ," ಎಂದ. ಅವನ ಹಿಂದಿನ ಸಾಲಿನಲ್ಲಿ ಬೇರೆ ಬೇರೆ ಜಿಲ್ಲೆಗಳ ಕೇರಿಗಳಿಂದ ಬಂದ ಸದಸ್ಯರು ಕೂರುತ್ತಿದ್ದರು. ಓದು ಅಷ್ಟಾಗಿ ಇಲ್ಲದವರು, ಸಭೆಯ ಭಾಷೆ ಪೂರ್ತಿ ತಿಳಿಯದವರು. ಅವರು ಅವನ ಭುಜ ಮುಟ್ಟಿ, "ನೀವು ಹೆಂಗೋ ನಾವು ಹಂಗೆ ಕೋದಂಡಪ್ನೋರೆ, ನಿಮ್ಮನ್ನ ನೋಡ್ಕೊಂಡೇ ಕೈ ಎತ್ತೋದು," ಎಂದಿದ್ದರು.

ಅವನ ಮುಂದಿನ ಸಾಲಿನಲ್ಲಿ ಶ್ರೀರಾಮಪ್ಪನವರು ಎಂಬ ಜಮೀನುದಾರರು. ಜರಿಯಂಚಿನ ಶಲ್ಯ, ಬಿಳಿಯ ರುಮಾಲು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಕರಿಗುಟ್ಟಹಳ್ಳಿಯ ಬಚ್ಚಪ್ಪನವರಿಗೆ ಅವರು ಬೀಗರಾಗಬೇಕು.

ಕೂಗಿನ ಮತದಲ್ಲಿ ಯಾರು ಹೆಚ್ಚೆಂದು ತಿಳಿಯಲಿಲ್ಲ. ತಲೆ ಎಣಿಸಬೇಕೆಂದು ಯಾರೋ ಕೇಳಿದರು. ಗಂಟೆ ಬಾರಿಸಿ ಬಾಗಿಲು ಹಾಕಿದರು. ಸಭಾಧ್ಯಕ್ಷರು, "ಈ ಕಲಮು ಮಸೂದೆಯಲ್ಲಿ ಇರಲಿ ಎನ್ನುವವರು ಎದ್ದು ನಿಲ್ಲಿ," ಎಂದರು. ಕೋದಂಡಪ್ಪ ಮಾಡಬೇಕಾಗಿದ್ದದ್ದು ಏನೂ ಇಲ್ಲ. ಸುಮ್ಮನೆ ಕೂತಿದ್ದರಾಯಿತು. ಆಮೇಲೆ ಬೇಡ ಎನ್ನುವವರನ್ನು ಕರೆದಾಗ ಏಳುವುದು.

ಮುಂದಿನ ಸಾಲಿನಲ್ಲಿ ಶ್ರೀರಾಮಪ್ಪನವರು ಒಂದು ಸಲ ಕೆಮ್ಮಿದರು. ಕೋಲನ್ನು ನೆಲಕ್ಕೆ ಊರಿ ಎದ್ದರು.

ಕೋದಂಡಪ್ಪ ನಿಂತಿದ್ದ.

ತಾನು ನಿಂತಿದ್ದೇನೆಂದು ಅವನಿಗೆ ತಿಳಿದದ್ದು ಎದುರಿನ ಬೆಂಚಿನವರ ಮುಖ ಸಮಕ್ಕೆ ಕಾಣಿಸಿದಾಗ. ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೋದಂಡಪ್ಪನವರು ಎದ್ದರೆಂದರೆ ಏನೋ ಕಾರಣ ಇರಲೇಬೇಕು. ಒಬ್ಬ ಎದ್ದ, ಇನ್ನೊಬ್ಬ ಎದ್ದ, ಸಾಲೇ ಎದ್ದು ನಿಂತಿತು. ಎಣಿಸುವವನು ಪೆನ್ಸಿಲು ಆಡಿಸುತ್ತ ಎಲ್ಲರನ್ನೂ ದಾಟಿ ಹೋದ.

ಬೇಡ ಎನ್ನುವವರ ಸರದಿ ಬಂದಾಗ ಕೋದಂಡಪ್ಪ ಮತ್ತೆ ಅರ್ಧ ಎದ್ದ. ಎಣಿಸುವವನು, "ತಮ್ಮದು ಆಗಿದೆ," ಎಂದು ಮೆಲ್ಲಗೆ ಹೇಳಿದ.

ಇನ್ನೂ ಹೊತ್ತು ಮೀರಿರಲಿಲ್ಲ. ಅಧ್ಯಕ್ಷರೇ, ನಾನು ತಪ್ಪಿ ಎದ್ದೆ ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಿದರೆ, ಹೇಗೆ ತಪ್ಪಿದಿರಿ ಎಂದು ಕೇಳುತ್ತಾರೆ. ಕೇಳಿದರೆ ಏನು ಹೇಳುವುದು? ಅವನು ಬಾಯಿ ತೆರೆದ. ಅಷ್ಟರಲ್ಲಿ ಶ್ರೀರಾಮಪ್ಪನವರು ತಿರುಗಿ ನೋಡಿದರು. ಬಯಲುಸೀಮೆಯ ಹಳೆಯ ಗೌಡಿಕೆಯ ಮನುಷ್ಯ, ಅವರಿಗೆ ಎಲ್ಲ ತಿಳಿದುಹೋಗಿತ್ತು. ತುಂಬ ವಾತ್ಸಲ್ಯದಿಂದ ನಕ್ಕು ಕೇಳಿದರು: "ಏನಪ್ಪಾ ಕೋದಂಡಪ್ಪ, ಏನಾದ್ರೂ ಹೇಳ್ಬೇಕಾಗಿತ್ತಾ?"

"ಏನಿಲ್ಲ ಬುದ್ಧಿ," ಎಂದ ಕೋದಂಡಪ್ಪ.

ಕಲಮು ಪಾಸಾಯಿತು. ಹಿಂದಿನ ಸಾಲು ಕೂತೇ ಇದ್ದಿದ್ದರೆ ಬಿದ್ದುಹೋಗುತ್ತಿತ್ತು.

ಬೆಂಗಳೂರಿನಿಂದ ಬಂಗಾರಪೇಟೆಯವರೆಗೆ ಅವನು ರೈಲಿನ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ. ಅರ್ಥ ಹೇಳಬೇಕಲ್ಲ. ಮಾಲೂರು ದಾಟುವಾಗ ಅವನಿಗೆ ಒಂದು ಕಾರಣ ಹೊಳೆಯಿತು. ಬಂಗಾರಪೇಟೆಯಲ್ಲಿ ಇಳಿದು ಗಣಿಯ ಕಡೆಯ ಗಾಡಿ ಹಿಡಿಯುವ ಹೊತ್ತಿಗೆ ಅದಕ್ಕೆ ಕೈಕಾಲು ಮೂಡಿದ್ದವು. ಉರಿಗಾಂ ತಲುಪುವ ಹೊತ್ತಿಗೆ ಅದು ನಡೆಯುತ್ತಿತ್ತು.

ಚಪ್ಪರದ ಕೆಳಗೆ ಹೇಳಿದ: "ಆ ಗದ್ದೆ ಯಾಕೆ ಕೊಟ್ಟಿದ್ದು? ನಮ್ಮ ಬೆನ್ನು ಬಗ್ಗಿಸೋಕೆ ಕೊಟ್ಟಿದ್ದು. ಬೇಡಿಯನ್ನ ಬಿಚ್ಚಿದ ಮೇಲೆ ಅದು ಬೆಳ್ಳೀದು ಅಂತ ಮನೇಲಿ ಇಟ್ಕೋತೀವಾ? ಗುಲಾಮಗಿರಿಯ ಕೂಲಿ ನಮಗೆ ಬೇಡ. ಅದಕ್ಕೇ ನಾನು ಎದ್ದು ನಿಂತೆ."

ಜನ ಚಪ್ಪಾಳೆ ತಟ್ಟಿದರು. ಯಾರೋ ಹೂವಿನ ಹಾರ ಹಾಕಿದರು. ಆ ಚಪ್ಪಾಳೆಯೊಳಗೆ ಕೋದಂಡಪ್ಪನಿಗೆ, ಹೌದು, ತಾನು ಅದಕ್ಕೇ ಎದ್ದದ್ದು ಎಂದು ಅನ್ನಿಸಿತು. ಜನ ಚದುರಿದ ಮೇಲೆ, ಶಾಫ್ಟಿನಲ್ಲಿ ಅವನ ಜೊತೆ ಡ್ರಿಲ್ಲು ಹಿಡಿದಿದ್ದ ಆರುಮುಗಂ ಮಾತ್ರ ಉಳಿದ. ಬೀಡಿಯನ್ನು ಬಾಯಿಂದ ತೆಗೆದು ಕೇಳಿದ:

"ಎಲ್ಲಾ ಸರಿ ತಲೈವರೇ. ಒಳ್ಳೆ ಪೇಚ್ಚು, ಒಳ್ಳೆ ಮಾತು. ಆದ್ರೆ ನಿಮ್ಮ ಅಣ್ಣ ನಾಳೆಯಿಂದ ಏನು ತಿಂತಾನೆ?"

"ಮರ್ಯಾದೆ ದೊಡ್ಡದು ಆರುಮುಗಂ."

"ಆಮಾ, ಆಮಾ. ದೊಡ್ಡದೇ," ಎಂದ ಆರುಮುಗಂ. "ಬೇಯೋಕೆ ಹೊತ್ತು ಹಿಡಿಯುತ್ತೆ."

ಭಾನುವಾರ ಬೆಳಗ್ಗೆ ಕೋದಂಡಪ್ಪ ಊರಿಗೆ ಬಂದ. ಕುರ್ಚಿ ಹಾಕಿತ್ತು. ಕಟ್ಟೆಯ ಮೇಲೆ ಬಚ್ಚಪ್ಪನವರು ಚಾಪೆ ಹಾಸಿಕೊಂಡು, ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಪಟೇಲಿಕೆ ಹೋಗಲಿದ್ದ ಮನುಷ್ಯನಿಗೆ ಇರಬೇಕಾದ ದುಃಖ ಅವರ ಮುಖದಲ್ಲಿ ಇರಲಿಲ್ಲ. ಮೇಲಿನ ಬೀದಿಯವರೆಲ್ಲ ಕಟ್ಟೆಯ ಸುತ್ತ ಸೇರಿದ್ದರು. ಮುನಿಶಾಮಿ ತಮಟೆಯನ್ನು ಮಡಿಲಲ್ಲಿಟ್ಟುಕೊಂಡು ಬೇವಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ದೂರದಲ್ಲಿ ಹೊಂಗೆ ಮರದ ಕೆಳಗೆ ಕೇರಿಯ ಹೆಂಗಸರು. ಅವರ ಮುಂದೆ ನರಸಮ್ಮ.

"ಏನಪ್ಪಾ ಎಮ್ಮೆಲ್ಲೆ," ಎಂದರು ಬಚ್ಚಪ್ಪನವರು. "ಓಗುವಾಗ ಗದ್ದೆ ತೋಟೀಗೇ ಇರ್ಲಿ ಅಂತಿದ್ದೆ. ಅಲ್ಲಿ ನೋಡಿದ್ರೆ ಎದ್ದು ನಿಂತ್ಬಿಟ್ಯಂತೆ. ಅರ್ಥ ಯೋಳಪ್ಪ, ಕೇಳಾನ."

ಮುನಿಶಾಮಿಗೆ ಸುದ್ದಿ ತಿಳಿದದ್ದು ಆಗಲೇ. ಅವನು ತಲೆ ಎತ್ತಿ ತಮ್ಮನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಕಾರಣ ಕೇಳಲು ಕಾದವನ ನೋಟ.

ಕೋದಂಡಪ್ಪ ಶುರು ಮಾಡಿದ. ಬೆನ್ನು, ಬೇಡಿ, ಬೆಳ್ಳಿ. ಮಾತು ಚೆನ್ನಾಗಿ ಬರುತ್ತಿತ್ತು. ಬಚ್ಚಪ್ಪನವರು ಒಂದು ಸಲ ಕೆಮ್ಮಿದರು. ಎಲೆಯಡಿಕೆ ಉಗಿಯಲೆಂದು ಎದ್ದರು.

ಕೋದಂಡಪ್ಪ ನಿಂತಿದ್ದ. ನಿಂತುಕೊಂಡೇ ಮಾತು ಮುಂದುವರಿಸಿದ, ಭಾಷಣದ ಹುರುಪಿಗೆ ಎದ್ದವನ ಹಾಗೆ. ಹೆಚ್ಚಿನವರು ಗಮನಿಸಲಿಲ್ಲ. ಹೊಂಗೆ ಮರದ ಕೆಳಗೆ ನರಸಮ್ಮ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಚ್ಚಪ್ಪನವರು ಉಗಿದು ಬಂದು ಕೂತರು. ಕೋದಂಡಪ್ಪ ಕೂತ. ಇನ್ನು ನಾಲ್ಕು ಮಾತು ಆಡಿದ್ದನೋ ಇಲ್ಲವೋ, ಅವರು ಮತ್ತೆ ಕೆಮ್ಮಿ, ಶಲ್ಯ ಸರಿಮಾಡಿಕೊಳ್ಳುವವರಂತೆ ಎದ್ದರು. ಕೋದಂಡಪ್ಪ ಮತ್ತೆ ನಿಂತ. ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಪಟೇಲರು ಕೂತರು, ಅವನೂ ಕೂತ. ಈಗ ಎಲ್ಲರೂ ಅವನ ಕಾಲನ್ನೇ ನೋಡುತ್ತಿದ್ದರು. ಮಾತು ಯಾರೂ ಕೇಳುತ್ತಿರಲಿಲ್ಲ.

ಮೂರನೆಯ ಸಲ ಕೆಮ್ಮು ಕೇಳಿಸಿದಾಗ ಕೋದಂಡಪ್ಪ ಕುರ್ಚಿಯ ಎರಡು ಕೈಗಳನ್ನೂ ಹಿಡಿದುಕೊಂಡ. ಹಿಮ್ಮಡಿ ನೆಲದಿಂದ ಎದ್ದಿತು. ಮೊಣಕಾಲು ನಡುಗಿತು. ಕುರ್ಚಿ ಕಿರುಗುಟ್ಟಿತು. ಶಾಫ್ಟಿನೊಳಗೆ ಮೇಲಿನ ಬಂಡೆ ಬಿರಿಯುವಾಗ ಮರದ ಆಸರೆ ಒತ್ತಿ ಹಿಡಿಯುವವನ ಹಾಗೆ ತನ್ನನ್ನು ತಾನೇ ಒತ್ತಿ ಹಿಡಿದು ಕೂತ. ಹಣೆಯಿಂದ ಬೆವರು ಇಳಿಯಿತು.

ಬಚ್ಚಪ್ಪನವರು ನಿಂತೇ ನೋಡಿದರು. ಎಳೆಯ ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ನೋಡುವವರ ಹಾಗೆ ಸಂತೋಷಪಟ್ಟರು.

"ಆಹಾ! ಕೂತ್ಕೊಳ್ಳೋಕೂ ಬತ್ತದಲ್ಲಪ್ಪಾ ನಿಂಗೆ! ಅವತ್ತೂ ಇಂಗೇ ಕುರ್ಚಿ ಇಡ್ಕೊಂಡಿದ್ದಿದ್ರೆ ನಿಮ್ಮಣ್ಣನ ಗದ್ದೆ ಉಳೀತಿತ್ತು." ಸುತ್ತ ತಿರುಗಿ ಹೇಳಿದರು: "ನಮ್ಮ ಬೀಗ್ರು ಬಂದಿದ್ರಲ್ಲ, ಅವರು ಯೋಳಿ ಯೋಳಿ ನಕ್ರು. ನಾನು ಕೆಮ್ಮಿ ಎದ್ದೆ ಬಾವ, ನಿಮ್ಮ ತೋಟಿ ತಮ್ಮ ನನ್ ಹಿಂದೇನೇ ಎದ್ದ, ಅವನ ಹಿಂದೆ ಒಂದು ಸಾಲು ಎದ್ದಿತು ಅಂತ. ಇವನು ಬೇಡಿ, ಬೆಳ್ಳಿ ಅಂತಾನೆ! ಏನೇ ಅನ್ನಿ, ಎಲ್ಲಿಗೆ ಓದ್ರೂ ನಮ್ಮೂರಿನ ವಿನಯ ಬಿಟ್ಟಿಲ್ಲ ಉಡುಗ."

ಕಟ್ಟೆ ನಕ್ಕಿತು. ಬೀದಿ ನಕ್ಕಿತು. ಬೇವಿನ ಮರದ ಆಚೆ ನಿಂತಿದ್ದ ಕೇರಿಯ ಗಂಡಸರೂ ನಕ್ಕರು. ಪಟೇಲರು ನಕ್ಕಾಗ ನಗುವುದನ್ನೂ ಅವರಿಗೆ ಯಾರೋ ಅಂಗಳದಲ್ಲಿ ಕೂರಿಸಿ ಕಲಿಸಿದ್ದರು.

ನಗು ನಿಂತ ಮೇಲೆ ಬಚ್ಚಪ್ಪನವರು ಕೂಗಿದರು. "ಲೇ ಮುನಿಶಾಮಿ. ಚಾಕ್ರಿ ಇನ್ನೂ ಓಗಿಲ್ಲ ಕಣ್ಲಾ, ಗೆಜೆಟ್ಟು ಬರೋ ತಂಕ ನೀನೇ ತೋಟಿ. ಓಗು, ಡಂಗುರ ಸಾರು. ತೂಬಿನ ಬಾಯಿ ಗದ್ದೆ ಹರಾಜಿಗೆ ಬತ್ತದೆ ಅಂತ ಸಾರು."

"ಆಗ್ಲಿ ಬುದ್ಧಿ."

"ಯಾಕೆ ಅಂತಾನೂ ಸಾರು. ನಿನ್ ತಮ್ಮ ಕಾರಣ ಯೋಳ್ದನಲ್ಲ."

ಮುನಿಶಾಮಿ ಎದ್ದ. ಒಂದು ಹಿಡಿ ಹುಲ್ಲು ಗುಡ್ಡೆ ಮಾಡಿ ಬೆಂಕಿ ಹಚ್ಚಿ, ತಮಟೆಯ ಚರ್ಮವನ್ನು ಆ ಬಿಸಿಗೆ ಹಿಡಿದ. ಬೆರಳಿನಿಂದ ಮಿಡಿದು ನೋಡಿದ. ಸಾಲದು ಅನ್ನಿಸಿ ಇನ್ನಷ್ಟು ಕಾಯಿಸಿದ. ಯಾವ ಅವಸರವೂ ಇರಲಿಲ್ಲ. ಕುರ್ಚಿಯ ಪಕ್ಕದಲ್ಲೇ ಹಾದು ಹೋದ. ತಮ್ಮನ ಕಡೆ ನೋಡಲಿಲ್ಲ.

ಕೋದಂಡಪ್ಪ ಊರ ಹಿಂದಿನ ದಾರಿ ಹಿಡಿದು ಕೆರೆಯ ಕಡೆ ನಡೆದ. ತಮಟೆಯ ಸದ್ದು ಅವನನ್ನು ಅಟ್ಟಿಸಿಕೊಂಡು ಬಂತು. ಮೊದಲು ಮೇಲಿನ ಬೀದಿಯಲ್ಲಿ.

"ಕೇಳ್ರಪ್ಪೋ ಕೇಳಿ! ತೂಬಿನ ಬಾಯಿ ತೋಟಿ ಗದ್ದೆ ಹರಾಜಿಗೆ ಬತ್ತದೆ! ಗುಲಾಮಗಿರಿ ಕೂಲಿ ನಮಗೆ ಬ್ಯಾಡಾ ಅಂತ ನನ್ ತಮ್ಮ ಕೋದಂಡಪ್ಪ ಸಭೇಲಿ ಎದ್ದು ನಿಂತವ್ನೆ! ಬೇಡಿ ಬೆಳ್ಳೀದಾದ್ರೂ ಬ್ಯಾಡಾ ಅಂದವ್ನೆ! ಕೇಳ್ರಪ್ಪೋ ಕೇಳಿ!"

ಒಂದು ಅಕ್ಷರ ತಪ್ಪಿರಲಿಲ್ಲ. ಸ್ವರದಲ್ಲಿ ವ್ಯಂಗ್ಯ ಇರಲಿಲ್ಲ. ದೇವರ ಪದ ಹೇಳುವ ಗಂಟಲಿನಲ್ಲಿ ಹೇಳುತ್ತಿದ್ದ. ಬೀದಿಯ ಬಾಗಿಲುಗಳಲ್ಲಿ ಜನ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಮುನಿಶಾಮಿ ಪ್ರತಿ ಮೂಲೆಯಲ್ಲೂ ನಿಂತು ಮತ್ತೆ ಮೊದಲಿನಿಂದ ಹೇಳುತ್ತಿದ್ದ.

ತೂಬಿನ ಗದ್ದೆಯಲ್ಲಿ ತೆನೆ ಬಗ್ಗಿತ್ತು. ನರಸಮ್ಮ ಆಗಲೇ ಬಂದು, ಸೀರೆ ಎತ್ತಿ ಕಟ್ಟಿ, ಬದುವಿನಂಚಿನ ಕಳೆ ಕೀಳುತ್ತಿದ್ದಳು.

"ಅತ್ಗೆ," ಎಂದ ಕೋದಂಡಪ್ಪ.

"ಬಿಸ್ಲಲ್ಲಿ ನಿಂತ್ಕೋಬ್ಯಾಡ. ಕೂತ್ಕೋ."

ಬದುವಿನ ಮೇಲೆ ಕೂತ. ಅವಳೂ ಕೈ ತೊಳೆದುಕೊಂಡು ಬಂದು ಸ್ವಲ್ಪ ದೂರದಲ್ಲಿ ಕೂತಳು. ಇಬ್ಬರೂ ತಮಟೆಯನ್ನು ಕೇಳಿದರು.

"ಅಣ್ಣ ಯಾಕಂಗೆ ಸಾರ್ತಾವ್ನೆ ಅತ್ಗೆ? ನಿಜ ಏನೂಂತ ಎಲ್ರಿಗೂ ಗೊತ್ತಾಯ್ತಲ್ಲ."

"ಗದ್ದೆ ಓಯ್ತು. ನೀನಾದ್ರೂ ಉಳ್ಕೋ ಅಂತ." ನರಸಮ್ಮ ಒಂದು ತೆನೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಮೆಲ್ಲಗೆ, ಬಹಳ ಪ್ರೀತಿಯಿಂದ ಹೇಳಿದಳು. "ಚೆನ್ನಾಗಿ ಕಲ್ತಿದೀಯ ನಾಯ್ನಾ. ಅಷ್ಟು ಚೆನ್ನಾಗಿ ಕಲ್ಸಿದೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

ಅವನು ತನ್ನ ಕಾಲುಗಳನ್ನು ನೋಡಿಕೊಂಡ.

ಏರಿಯ ಮೇಲೆ ಕೆಮ್ಮು ಕೇಳಿಸಿತು. ಬಚ್ಚಪ್ಪನವರು ಕೊಡೆ ಹಿಡಿದುಕೊಂಡು ಬರುತ್ತಿದ್ದರು. ನರಸಮ್ಮ ಎದ್ದು ನಿಂತಿದ್ದಳು. ತೆನೆ ಸವರುತ್ತಿದ್ದ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಕೋದಂಡಪ್ಪ ಏಳಲಿಲ್ಲ. ಈ ಸಲ ಅವನ ಕಾಲು ನಡುಗಲೂ ಇಲ್ಲ. ಕಟ್ಟೆಯ ಮುಂದೆ ಏನು ಮುರಿಯಿತೋ, ಆ ಮುರಿದ ಜಾಗದಲ್ಲಿ ಏನೋ ಗಟ್ಟಿಯಾಗಿ ಕೂತಿತ್ತು. ಕೈಗಳನ್ನು ಮೊಣಕಾಲಿನ ಮೇಲಿಟ್ಟು, ಪಟೇಲರನ್ನು ನೇರವಾಗಿ ನೋಡುತ್ತ ಕೂತೇ ಇದ್ದ. ಹುಟ್ಟಿದಂದಿನಿಂದ ಅಷ್ಟು ಹಗುರಾಗಿ ಅವನು ಎಂದೂ ಕೂತಿರಲಿಲ್ಲ.

ನರಸಮ್ಮ ಅವನ ರಟ್ಟೆ ಹಿಡಿದಳು. "ಏಳ್ಲಾ."

"ಇಲ್ಲ ಅತ್ಗೆ."

"ಏಳ್ಲಾ ನಾಯ್ನಾ. ನಿನ್ ಕಾಲಿಗ್ ಬೀಳ್ತೀನಿ." ಅವಳ ಉಗುರು ಅವನ ತೋಳಿಗೆ ಇಳಿಯಿತು. "ಪೈರು ಇನ್ನೂ ಕುಯ್ದಿಲ್ಲ."

ಕೋದಂಡಪ್ಪ ಪೈರು ನೋಡಿದ. ತೆನೆಯೊಳಗೆ ಹಾಲು ಗಟ್ಟಿಯಾಗುತ್ತಿತ್ತು. ಇನ್ನು ಕೆಲವು ದಿನದ ಬಿಸಿಲು ಸಾಕು. ಆ ಒಂದು ಬೆಳೆ ಮನೆಗೆ ಬಂದರೆ ಅಣ್ಣ ಅತ್ತಿಗೆ ಮುಂದಿನ ಮುಂಗಾರಿನವರೆಗೆ ಜೀವ ಹಿಡಿದುಕೊಂಡಿರಬಹುದು. ಬಿಡುವುದೂ ಬಿಡದಿರುವುದೂ ಕೊಡೆ ಹಿಡಿದವನ ಮನಸ್ಸಿನಲ್ಲಿತ್ತು.

ಅವನು ಎದ್ದ. ಈ ಸಲ ಮನಸ್ಸು ಮೊದಲು ಎದ್ದಿತು. ಕಾಲು ಬಹಳ ಹೊತ್ತಿನ ಮೇಲೆ ಎದ್ದಿತು.

ಬಚ್ಚಪ್ಪನವರು ಬದುವಿಗೆ ಇಳಿದು ಬಂದರು. ಒಂದು ತೆನೆ ಮುರಿದು, ಕಾಳನ್ನು ಹಲ್ಲಿನ ನಡುವೆ ಒತ್ತಿ ನೋಡಿದರು. ಇಬ್ಬರೂ ನಿಂತಿದ್ದದ್ದನ್ನು ಕಂಡು ಅವರ ಮುಖ ಅರಳಿತು.

"ಒಳ್ಳೆ ಪೈರು," ಎಂದರು. "ಇನ್ನೂ ಹಾಲದೆ. ಕುಯ್ಯೋ ಹೊತ್ತಿಗೆ ನಮ್ಮ ಆಳುಗಳ್ನೇ ಕಳಿಸ್ತೀನಿ ನರಸಮ್ಮ. ನೀವೇನೂ ತೊಂದ್ರೆ ತಗೋಬ್ಯಾಡಿ."

ತೆನೆಯನ್ನು ಕೈಯಲ್ಲೇ ಹಿಡಿದುಕೊಂಡು ಏರಿ ಹತ್ತಿ ಹೋದರು. ಕೊಡೆ ಮರೆಯಾಗುವವರೆಗೂ ಇಬ್ಬರೂ ನಿಂತೇ ಇದ್ದರು. ಅಷ್ಟರಲ್ಲಿ ಮುನಿಶಾಮಿ ಮೇಲಿನ ಬೀದಿಗಳನ್ನೆಲ್ಲ ಮುಗಿಸಿ ಕೇರಿಗೆ ಬಂದಿರಬೇಕು. ತಮಟೆ ಹತ್ತಿರವಾಗಿ ಕೇಳಿಸಿತು, ಆಮೇಲೆ ಅವನ ಗಂಟಲು, ಮೊದಲಿನಷ್ಟೇ ಸ್ಪಷ್ಟವಾಗಿ, ತಮ್ಮ ಎದ್ದು ನಿಂತದ್ದಕ್ಕೆ ಕಾರಣ ಹೇಳುತ್ತ.